ಬಾಡಿಗೆಯ ಕೆಂಪು ಕೋಟು

ಮಾರ್ಚ್ ಕೊನೆಯ ವಾರ. ಭಾಲ್ಕಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತ ಕೂತಿದ್ದೆ. ಫ್ಯಾನು ತಿರುಗುತ್ತಿತ್ತು, ಆದರೆ ಗಾಳಿ ಒಲೆಯ ಮುಂದೆ ಕೂತಂತೆ ಮುಖಕ್ಕೆ ಬಡಿಯುತ್ತಿತ್ತು. ಈ ವರ್ಷ ಹೊಸದಾಗಿ ಬಂದ ಟೀಚರ್ ಪಕ್ಕದಲ್ಲಿ ನಿಂತು ಏನೋ ಕೇಳುತ್ತಿದ್ದಳು. ಎಡಗಡೆಯಿಂದ ಮಾತಾಡಿದರೆ ನನಗೆ ಕೇಳಿಸುವುದಿಲ್ಲ, ಅದು ಅವಳಿಗೆ ಗೊತ್ತಿರಲಿಲ್ಲ. ಬಲಕ್ಕೆ ಬಾ ಎಂದು ಕೈ ಮಾಡಿದೆ.

"ನೀವು ಮನಾಲಿಗಿ ಹೋಗಿ ಬಂದೀರಂತಲ್ರಿ ಮೇಡಂ. ಈ ಸೂಟಿಯೊಳಗ ನಾವೂ ಮನಿಮಂದಿ ಎಲ್ಲಾ ಹೊಂಟೇವ್ರಿ. ಏನೇನ್ ಅರಿವಿ ಒಯ್ಯಬೇಕ್ರಿ? ಅಲ್ಲಿ ಹೆಣ್ಮಕ್ಕಳು ಏನ್ ಹಾಕ್ಕೋಬೇಕ್ರಿ?"

ಒಳಗೆ ಮೈಗಂಟುವ ಥರ್ಮಲ್, ಎರಡು ಜೊತೆ ಉಲ್ಲನ್ ಸಾಕ್ಸು, ಕಿವಿ ಮುಚ್ಚುವ ಟೋಪಿ ಎಂದು ಹೇಳುತ್ತ ಹೋದೆ. ಅವಳು ಮೊಬೈಲಿನಲ್ಲಿ ಬರೆದುಕೊಂಡಳು. ಬರ್ಫಿನ ಮೇಲೆ, ಅಂದರೆ ಹಿಮದ ಮೇಲೆ, ಹೋಗುವಾಗ ಕೋಟು, ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ ಎಂದೆ. "ಸೀರಿ ನಡೀತದೇನ್ರಿ?" ಎಂದು ಕೇಳಿದಳು. ನಡೆಯುವುದಿಲ್ಲ ಎಂದೆ. ಅವಳು ಹೋದ ಮೇಲೆ ನೋಡಿದರೆ ಕೆಂಪು ಪೆನ್ನು ಯಾವುದೋ ಹುಡುಗನ ಉತ್ತರದ ಮೇಲೆ ಒತ್ತಿ ಒತ್ತಿ ಕಾಗದ ಹರಿದಿತ್ತು.

ನಾವು ಮನಾಲಿಗೆ ಹೋದದ್ದು ಮೂರು ವರ್ಷದ ಹಿಂದೆ, ಯುಗಾದಿ ಮುಗಿದ ವಾರಕ್ಕೆ. ನಮ್ಮ ಮನೆಯಿಂದ ಹೋದವರು ಐದು ಜನ. ನನ್ನ ಆಯಿ, ಅಂದರೆ ತಾಯಿ. ನಮ್ಮಲ್ಲಿ ಮರಾಠಿಯೂ ಮನೆಯ ಮಾತೇ. ತಮ್ಮ ಸಂತೋಷ. ಅವನ ಹೆಂಡತಿ ರೇಣುಕಾ. ಅವರ ಆರು ವರ್ಷದ ಮಗಳು ಪಿಂಕಿ. ಮತ್ತು ನಾನು. ನನಗೆ ಮದುವೆಯಾಗಲಿಲ್ಲ, ಅದರ ಕಥೆ ಬೇರೆ. ಬೀದರಿನಲ್ಲಿ ಚೌಬಾರಾದ ಹತ್ತಿರದ ಓಣಿಯೊಂದರಲ್ಲಿ ತಂದೆ ಕಟ್ಟಿಸಿದ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಇದ್ದೆವು. ದಿನಾ ಬಸ್ಸಿನಲ್ಲಿ ಭಾಲ್ಕಿಗೆ ಹೋಗಿ ಬರುತ್ತಿದ್ದೆ.

ಸಂತೋಷ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಸೊಂಟದ ಮೇಲೆ ಹೊತ್ತು, ಮೂಗು ಒರೆಸಿ, ಮಗ್ಗಿ ಕಲಿಸಿ ದೊಡ್ಡವನನ್ನಾಗಿ ಮಾಡಿದವಳು ನಾನು. ಓಣಿಯಲ್ಲಿ ಅವನಷ್ಟು ಸಂಭಾವಿತ ಇನ್ನೊಬ್ಬನಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ನೌಕರಿ, ಹಿರಿಯರು ಎದುರಾದರೆ ಬೈಕ್ ನಿಲ್ಲಿಸಿ ನಮಸ್ಕಾರ. ಅವನು ಹೆಂಡತಿಗೆ ಹೊಡೆಯುತ್ತಾನೆ ಎಂಬುದು ನನಗೆ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಏನೋ ಹೊಸದನ್ನು ಕಂಡು ಬೆಚ್ಚಿಬಿದ್ದವಳಂತೆ ಬರೆಯುವುದು ಬೇಡ.

ರೇಣುಕಾ ಔರಾದ ಕಡೆಯ ಎಕಂಬಾದವಳು. ಮದುವೆಯಾದ ಎರಡನೇ ವರ್ಷದಿಂದ ಸೀರೆಗೆ ತುಂಬು ತೋಳಿನ ಜಂಪರನ್ನೇ, ಅಂದರೆ ರವಿಕೆಯನ್ನೇ, ಹೊಲಿಸುತ್ತಿದ್ದಳು. ಬೀದರಿನ ಬಿಸಿಲಿನಲ್ಲಿ, ಜನ ಮೈಮೇಲೆ ನೀರು ಸುರಿದುಕೊಂಡು ತಿರುಗುವ ದಿನಗಳಲ್ಲಿ, ಮಣಿಕಟ್ಟಿನವರೆಗೆ ತೋಳು. ಓಣಿಯ ಹೆಂಗಸರು ಅದೇನು ಫ್ಯಾಶನ್ನು ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮನಾಲಿಗೆ ಹೋಗುವ ಎರಡು ವರ್ಷ ಮೊದಲು ಅವಳ ಮುಂಗೈ ಮುರಿದಿತ್ತು. ಸುದ್ದಿ ಕೇಳಿ ಅವಳಪ್ಪ ಎಕಂಬಾದಿಂದ ಬಂದ. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿ ಕೊಟ್ಟರೂ ಕೂರದೆ, ಗೋಡೆಗೆ ಆತು ನಿಂತು ಕೇಳಿದ: "ಒಂದ್ ಮಾತು ಖರೇ ಹೇಳ್ರಿ. ಹೊಡದದ್ದೋ, ಬಿದ್ದದ್ದೋ? ಈ ಮನಿಯವರು ಒಬ್ಬರು ಹೊಡದದ್ದು ಅಂದ್ರ ಸಾಕು, ನನ್ನ ಮಗಳಿಗಿ ಈಗಿಂದೀಗ ಕರ್ಕೊಂಡು ಹೋಗ್ತೇನ್ರಿ. ಮುಂದಿಂದು ಪೊಲೀಸರು ನೋಡ್ಕೋತಾರ."

ಬಚ್ಚಲಿನಲ್ಲಿ ಜಾರಿ ಬಿದ್ದಳು ಎಂದಳು ಆಯಿ. ಅವನು ನನ್ನ ಕಡೆ ತಿರುಗಿದ. "ಟೀಚರಬಾಯಿ, ನೀವು ಸಾಲಿ ಕಲಿಸೋರು. ನೀವು ಹೇಳ್ರಿ."

"ಹೌದ್ರಿ, ಜಾರಿ ಬಿದ್ದಾಳ," ಎಂದೆ.

ಆ ಮನುಷ್ಯ ಕೈ ಮುಗಿದು, ಮಗಳನ್ನು ನಮ್ಮಲ್ಲೇ ಬಿಟ್ಟು, ಔರಾದ ಬಸ್ಸು ಹಿಡಿದು ಹೋದ. ಅವಳಿಗೆ ಬೇಕಾಗಿದ್ದದ್ದು ನಮ್ಮ ಮನೆಯೊಳಗಿನಿಂದ ಒಂದೇ ಒಂದು ಖರೇ ಮಾತು. ಆ ಮಾತು ಇಲ್ಲದೆ ಅವಳು ಇನ್ನೆರಡು ವರ್ಷ ಪೆಟ್ಟು ತಿಂದಳು.

ಆ ವರ್ಷ ಸಂತೋಷನಿಗೆ ಕಚೇರಿಯಿಂದ ಪ್ರವಾಸದ ರಜೆ ಸಿಕ್ಕಿತು. ಅವನ ಜೊತೆಯವರು ಬಿರಾದಾರ ಸರ್, ಅವರ ಮನೆಯವರೂ ಬರುವುದೆಂದಾಯಿತು. ಊರಲ್ಲಿ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿದ್ದ ದಿನಗಳಲ್ಲಿ ನಮ್ಮ ಮನೆಯಲ್ಲಿ ಸ್ವೆಟರಿನ ಹುಡುಕಾಟ ಶುರುವಾಯಿತು. ನಮ್ಮ ಕಡೆ ಉಣ್ಣೆ ಬಟ್ಟೆ ಬರುವುದು ಚಳಿಗಾಲದಲ್ಲಿ. ಉತ್ತರದ ಕಡೆಯವರು ರಸ್ತೆ ಬದಿಗೆ ಹಗ್ಗ ಕಟ್ಟಿ ಮಾರುತ್ತಾರೆ, ಸಂಕ್ರಾಂತಿ ದಾಟುತ್ತಲೂ ಗಂಟು ಕಟ್ಟಿ ಹೊರಟುಬಿಡುತ್ತಾರೆ. ಏಪ್ರಿಲ್‌ನಲ್ಲಿ ಸ್ವೆಟರ್ ಕೇಳಿದರೆ ಅಂಗಡಿಯವನು ಮುಖ ಮುಖ ನೋಡಿದ.

ಆಯಿ ಟ್ರಂಕು ತೆಗೆದಳು. ನುಸಿಗುಳಿಗೆಯ ವಾಸನೆ ಮನೆಯೆಲ್ಲ ತುಂಬಿತು. ಹೆಡ್ ಮಾಸ್ತರಾಗಿದ್ದ ನಮ್ಮ ತಂದೆಗೆ ಸಿಕ್ಕ ಸನ್ಮಾನದ ಶಾಲುಗಳು ಅದರಲ್ಲಿದ್ದವು. ಒಂದೊಂದಾಗಿ ಕೊಡವಿ ಹೆಮ್ಮೆಯಿಂದ ಹಂಚಿದಳು. ಸನ್ಮಾನದ ಶಾಲು ಹೇಗಿರುತ್ತದೆ ಎಂದು ನಿಮಗೂ ಗೊತ್ತು. ಅಂಚಿಗೆ ಜರಿ ಹೊಳೆಯುತ್ತದೆ, ನಡುವೆ ಬೆಳಕಿಗೆ ಹಿಡಿದರೆ ಎದುರಿನ ಗೋಡೆ ಕಾಣುತ್ತದೆ. "ಬರ್ಫಿಗಿ ಇದು ಸಾಕು," ಎಂದಳು ಆಯಿ. ರೇಣುಕಾಳ ಕಡೆ ನೋಡಿ, "ನಿನಗೇನು, ನಿನ್ನ ಜಂಪರ್ ಎಲ್ಲಾ ಥಂಡೀಗೇ ಹೊಲಸಿದಂಗ ಅವ," ಎಂದಳು. ಗೊತ್ತಿದ್ದೂ ಅಂದಳು. ನಮ್ಮ ಮನೆಯ ಕ್ರೌರ್ಯವೆಲ್ಲ ಸಂತೋಷನ ಕೈಯಲ್ಲಿ ಮಾತ್ರ ಇರಲಿಲ್ಲ.

ಹೊರಡುವುದಕ್ಕೆ ವಾರವಿತ್ತು. ಒಂದು ಸಂಜೆ ರೇಣುಕಾ ನನ್ನ ಖೋಲಿಗೆ ಬಂದು ಸೆರಗಿನ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಒಳಗೆ ನೀಲಿ ಜೀನ್ಸ್ ಪ್ಯಾಂಟು, ಒಂದು ಉದ್ದ ಕುರ್ತಾ.

"ಬಿರಾದಾರ ಅಕ್ಕಾವರು ಹೇಳಿದ್ರಿ. ಸೀರಿ ಅಲ್ಲಿ ತೊಯ್ದು ಮೊಣಕಾಲ ತನ ಗಡ್ಡಿ ಕಟ್ತದಂತ. ಇವರಿಗಿ ನೀವೇ ಜರಾ ಹೇಳ್ರಿ ಅಕ್ಕಾ. ನೀವು ಹೇಳಿದ್ರ ಕೇಳ್ತಾರ."

ಆಗಲಿ ಎಂದೆ. ಅವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಪ್ಯಾಂಟನ್ನು ಸೊಂಟಕ್ಕೆ ಹಿಡಿದು ನನ್ನ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡಳು.

ನಾನು ಹೇಳಿದೆ. ಹೇಗೆ ಹೇಳಿದೆ ಎಂಬುದು ಮುಖ್ಯ. ಆದಿತ್ಯವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ನನಗೆ ಚೇಷ್ಟೆಯ ಬಾಯಿ. "ನಿನ್ನ ಹೆಂಡ್ತಿ ಪ್ಯಾಂಟ್ ತಗೊಂಡಾಳಪಾ ಸಂತ್ಯಾ. ಇನ್ನ ನೀ ಸೀರಿ ಉಟ್ಕೊಂಡು ಮನಾಲಿಗಿ ನಡಿ," ಎಂದು ನಕ್ಕೆ. ಆಯಿ ನಕ್ಕಳು. ಪಿಂಕಿ ನಕ್ಕಳು. ರೊಟ್ಟಿ ಬಡಿಸುತ್ತಿದ್ದ ರೇಣುಕಾ ನಗಲಿಲ್ಲ.

ಸಂತೋಷ ಊಟ ಪೂರ್ತಿ ಮಾಡಿದ. ಕೈ ತೊಳೆದ. ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡ. ಅಡುಗೆಮನೆಯ ಈಳಿಗೆ ಎತ್ತಿಕೊಂಡು ತನ್ನ ಖೋಲಿಗೆ ಹೋಗಿ ಹೆಂಡತಿಯನ್ನು ಕರೆದು ಬಾಗಿಲು ಹಾಕಿಕೊಂಡ. ಮೊದಲು ಪ್ಯಾಂಟು ಕೊಯ್ದಿದ್ದಾನೆ. ಅಡ್ಡಡ್ಡ, ಒಂದೊಂದು ಗೇಣಿನ ತುಂಡು. ಆಮೇಲೆ ಬೆಲ್ಟು ತೆಗೆದಿದ್ದಾನೆ. ಸಂಜೆ ಆ ತುಂಡುಗಳು ನೆಲ ಒರೆಸುವ ಅರಿವೆಯಾಗಿ ಬಚ್ಚಲ ಮೂಲೆಯಲ್ಲಿ ಬಿದ್ದಿದ್ದವು. ರೇಣುಕಾ ಎಡಗೈಯನ್ನು ಎದೆಗೊತ್ತಿಕೊಂಡು ಬಲಗೈಯಲ್ಲಿ ಚಹಾ ತಂದುಕೊಟ್ಟಳು. ಕೆಳತುಟಿ ಒಡೆದಿತ್ತು. ನಾನು ಚಹಾ ಕುಡಿದೆ. "ನಮ್ಮ ಮನಿ ಸೊಸಿ ಸೀರಿಯೊಳಗೇ ಬರ್ತಾಳ," ಎಂದು ಸಂತೋಷ ಆಯಿಯ ಮುಂದೆ ಹೇಳಿ ಪೇಪರ್ ಓದುತ್ತ ಕೂತ. ನನ್ನ ಬ್ಯಾಗಿನಲ್ಲಿ ಎರಡು ಪ್ಯಾಂಟು ಇದ್ದವು. ಅವುಗಳ ಬಗ್ಗೆ ಅವನು ಚಕಾರ ಎತ್ತಲಿಲ್ಲ. ನಾನು ಅಕ್ಕ.

ಹೈದರಾಬಾದಿನಿಂದ ರೈಲು, ದಿಲ್ಲಿಯಿಂದ ವ್ಯಾನು. ದಾರಿಯಲ್ಲಿ ಗೋಧಿ ಕೊಯ್ಲಾಗುತ್ತಿತ್ತು, ಬೆಟ್ಟ ಹತ್ತುತ್ತಲೂ ಸೇಬಿನ ಗಿಡಗಳೆಲ್ಲ ಬಿಳಿ ಹೂವು. ಬಿಯಾಸ್ ನದಿ ಕಲ್ಲುಗಳಿಗೆ ತಲೆ ಚಚ್ಚಿಕೊಳ್ಳುತ್ತ ರಸ್ತೆಯ ಪಕ್ಕಕ್ಕೇ ಓಡುತ್ತಿತ್ತು. ಆಯಿ ಕಿಟಕಿಗೆ ಅಂಟಿ ಕೂತಿದ್ದಳು. ಸಂತೋಷ ಎಲ್ಲರಿಗೂ ಕಿತ್ತಳೆ ಸುಲಿದು ಕೊಟ್ಟ, ರೇಣುಕಾಳಿಗೂ ಕೊಟ್ಟ. ಬಿರಾದಾರ ಸರ್ ಹೆಂಡತಿ ನನ್ನ ಕಿವಿಯಲ್ಲಿ, "ನಿಮ್ಮ ತಮ್ಮ ಭಾಳ ಛಲೋ ನೋಡ್ರಿ," ಎಂದರು. ಹೌದೆಂದು ತಲೆಯಾಡಿಸಿದೆ.

ಮರುದಿನ ಬರ್ಫು ನೋಡಲು ಹೊರಟೆವು. ಗಾಳಿ ಕೆನ್ನೆಗೆ ಹೊಡೆದಂತೆ ಬೀಸುತ್ತಿತ್ತು. ಸನ್ಮಾನದ ಶಾಲುಗಳ ಮಾನ ಅರ್ಧ ಗಂಟೆಯಲ್ಲಿ ಹೋಯಿತು. ಆಯಿ ಮೂರು ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು. ರಸ್ತೆಯ ಬದಿಗೆ ಬಾಡಿಗೆ ಕೋಟಿನ ಅಂಗಡಿಗಳು. ಪ್ಯಾಂಟು ಕೋಟು ಎರಡೂ ಸೇರಿಸಿ ಹೊಲಿದದ್ದು, ಮುಂದೆ ಉದ್ದಕ್ಕೆ ಚೈನು, ಕೆಳಗೆ ರಬ್ಬರ್ ಬೂಟು. ಗಂಡಸರು ಮೊದಲೇ ಹಾಕಿಕೊಂಡು, ಪಿಂಕಿಗೂ ತೊಡಿಸಿ, ಮೇಲಿನ ದಿಬ್ಬಕ್ಕೆ ಹೋಗಿಬಿಟ್ಟಿದ್ದರು. ಹೋಗುವ ಮುಂಚೆ ಸಂತೋಷ ಹೆಂಡತಿಗೆ, "ನೀ ಆಯಿ ಜೋಡಿ ಕೆಳಗ ಕೂಡು," ಎಂದಿದ್ದ.

ಅಂಗಡಿಯಲ್ಲಿ ಉಳಿದದ್ದು ಎರಡೇ, ಎರಡೂ ಕೆಂಪು. ನಾನೊಂದು ಹಾಕಿಕೊಂಡೆ. ಅಂಗಡಿಯ ಹೆಂಗಸು ರೇಣುಕಾಳ ಕಾಲು ನೋಡಿದಳು. ಸೀರೆಯ ನೆರಿಗೆ ಆಗಲೇ ತೊಯ್ದು ಭಾರವಾಗಿತ್ತು, ಬೆರಳುಗಳು ಚಪ್ಪಲಿಯಲ್ಲಿ ನೀಲಿಗಟ್ಟಿದ್ದವು. ಹೀಗೆ ನಿಂತರೆ ಕಾಲು ಸತ್ತುಹೋಗುತ್ತದೆ ತಂಗಿ ಎಂದು ಹಿಂದಿಯಲ್ಲಿ ಗದರಿ, ಇನ್ನೊಂದು ಕೆಂಪು ಕೋಟನ್ನು ಅವಳ ಮುಂದೆ ಹಿಡಿದಳು. ರೇಣುಕಾ ನನ್ನ ಮುಖ ನೋಡಿದಳು.

ಹಾಕ್ಕೋ, ನಾನಿದ್ದೇನೆ ಎನ್ನಬಹುದಿತ್ತು. "ನಿನ್ನ ಗಂಡಗ ನೀನೇ ಹೇಳ್ಕೋಬೇಕು ನೋಡು," ಎಂದೆ.

ಅವಳು ದಿಬ್ಬದ ಕಡೆ ನೋಡಿದಳು. ಮೇಲಿನಿಂದ ಪಿಂಕಿ ಕೈ ಬೀಸಿ ಕೂಗುತ್ತಿದ್ದಳು. ರೇಣುಕಾ ಸೀರೆಯನ್ನು ಮೊಣಕಾಲಿಗೆ ಸುತ್ತಿ ಒಳಗೆ ತುರುಕಿ ಕಾಲು ಹಾಕಿದಳು. ಕೈ ತೂರಿಸುವಾಗ ಜಂಪರಿನ ತೋಳು ಮೇಲೆ ಸರಿಯಿತು. ಮೊಣಕೈಯಿಂದ ಕೆಳಗೆ ಬೆಲ್ಟಿನ ಅಗಲದ ಮೂರು ಪಟ್ಟಿ. ನಡುವಿನದರಲ್ಲಿ ಬಕಲಿನ ಗುರುತು. ಅಂಗಡಿಯ ಹೆಂಗಸು ಅದನ್ನು ನೋಡಿದಳು, ಸದ್ದಿಲ್ಲದೆ ತೋಳು ಇಳಿಸಿ ಚೈನು ಕುತ್ತಿಗೆಯವರೆಗೆ ಎಳೆದಳು, ಆಮೇಲೆ ನನ್ನನ್ನು ನೋಡಿದಳು. ನಾನು ಬೂಟಿನೊಳಗೆ ಕಾಲು ಹಾಕುವ ನೆಪ ಮಾಡಿದೆ.

ಆಮೇಲಿನ ಅರ್ಧ ಗಂಟೆ ರೇಣುಕಾ ಆಡಿದ್ದೇ ಆಡಿದ್ದು. ಗಾಳಿ ತುಂಬಿದ ಟ್ಯೂಬಿನ ಮೇಲೆ ಮಗಳನ್ನು ತೊಡೆಯಲ್ಲಿ ಕೂರಿಸಿಕೊಂಡು ದಿಬ್ಬದಿಂದ ಜಾರುವುದು, ಬಿದ್ದು ಹೊರಳುವುದು, ಮತ್ತೆ ಹತ್ತುವುದು. ಅವಳು ಬಾಯಿ ತೆರೆದು ನಗುವುದನ್ನು ನಾನು ಮೊದಲ ಸಲ ಕೇಳಿದೆ. ಏಳು ವರ್ಷ ಒಂದೇ ಮನೆಯಲ್ಲಿದ್ದೆವು.

ನಾನು ಕೆಳಗೆ, ಚಹಾದ ಗಾಡಿಯ ಹತ್ತಿರ ದಿಬ್ಬಕ್ಕೆ ಬೆನ್ನು ಮಾಡಿ ನಿಂತಿದ್ದೆ. ಟೋಪಿ ಕಿವಿ ಮುಚ್ಚಿತ್ತು, ಕಣ್ಣಿಗೆ ಕಪ್ಪು ಕನ್ನಡಕ. ದಿಬ್ಬದ ಆಚೆ ಬದಿಗೆ ಹೋಗಿದ್ದ ಗಂಡಸರು ಆಗಷ್ಟೇ ಮರಳಿದ್ದರಂತೆ; ಮೇಲೆ ಆದದ್ದು ಆಮೇಲೆ ತಿಳಿಯಿತು. ಬಿರಾದಾರ ಸರ್ ಒಳ್ಳೆಯ ಮನಸ್ಸಿನಿಂದಲೇ, "ನಿಮ್ಮ ಮಿಸೆಸ್ ಕೆಂಪು ಡ್ರೆಸ್ಸಿನಾಗ ಭಾರಿ ಕಾಣ್ಲಾಕತ್ತಾರ ಬಿಡ್ರಿ," ಎಂದಿದ್ದಾರೆ. ಸಂತೋಷ ಕೆಳಗೆ ನೋಡಿದ್ದಾನೆ. ಒಂದು ಕೆಂಪು ಬೆನ್ನು ಕಂಡಿದೆ.

ನನಗೆ ಹೆಜ್ಜೆಯ ಸದ್ದು ಬರಲಿಲ್ಲ. ಎಡಗಿವಿಯ ಮೇಲೆ ಮುಷ್ಟಿ ಬಿತ್ತು. ತಲೆಯೊಳಗೆ ಏನೋ ಪಟ್ಟೆಂದು ಹರಿದದ್ದು ಗೊತ್ತಾಯಿತು. ಬೋರಲು ಬಿದ್ದೆ. ಬಾಯಿ ತುಂಬ ಬರ್ಫು, ಉಸಿರಾಡಲು ಆಗದು. ಪಕ್ಕೆಗೆ ಬೂಟು ಬಿತ್ತು. ಇನ್ನೊಮ್ಮೆ ಬಿತ್ತು. "ಪ್ಯಾಂಟ್ ಬೇಕೇನ್ ನಿನಗ? ಮಂದಿ ಮುಂದ ಕುಣೀತಿ?" ಎನ್ನುವ ಧ್ವನಿ ಬಲಗಿವಿಗೆ ಬಂತು. ಜೋರು ಧ್ವನಿಯಲ್ಲ. ಹಲ್ಲು ಕಚ್ಚಿ, ಅಕ್ಕಪಕ್ಕದವರಿಗೆ ಕೇಳದ ಹಾಗೆ, ಅಭ್ಯಾಸವಾದ ಧ್ವನಿ. ಟೋಪಿಯ ಜೊತೆ ಕೂದಲು ಹಿಡಿದು ಮುಖ ಮೇಲೆತ್ತಿದ. ಕನ್ನಡಕ ಬಿತ್ತು. ಅವನು ನನ್ನನ್ನು ನೋಡಿದ.

"ಅಕ್ಕಾ! ಅಯ್ಯೋ ಅಕ್ಕಾ! ನೀ ಅಂತ ಗೊತ್ತಾಗಲಿಲ್ಲ. ನಾ ರೇಣುಕಾ ಅನ್ಕೊಂಡೆ!"

ಕೈ ಬಿಟ್ಟು ನನ್ನ ಕಾಲ ಮೇಲೆ ಬಿದ್ದು ಅಳತೊಡಗಿದ. ನಿಜವಾದ ಅಳು. ಸುತ್ತ ಜನ ನೆರೆದರು. ಆಯಿ ಓಡಿ ಬಂದಳು. ಬಿರಾದಾರ ಸರ್ ನೆರೆದವರಿಗೆ ಹಿಂದಿಯಲ್ಲಿ ವಿವರಿಸುತ್ತಿದ್ದರು, ತಪ್ಪಾಗಿ ಹೊಡೆದಿದ್ದಾನೆ, ಹೆಂಡತಿ ಅಂದುಕೊಂಡನಂತೆ ಎಂದು. ಹಾಗೆಂದ ಕೂಡಲೇ ಜನರ ಮುಖ ಸಡಿಲಾಯಿತು. ಒಬ್ಬಿಬ್ಬರು ಮುಗುಳ್ನಕ್ಕು ಚದುರಿದರು. ಬರ್ಫಿನಲ್ಲಿ ಬಿದ್ದು, ಬಾಯಲ್ಲಿ ನೆತ್ತರು ಉಗುಳುತ್ತ ನಾನು ಅದನ್ನು ನೋಡಿದೆ. ಅವನ ತಪ್ಪು ಹೊಡೆದದ್ದಲ್ಲ, ನನಗೆ ಹೊಡೆದದ್ದು. ಇದೇ ಏಟು ಅವಳಿಗೆ ಬಿದ್ದಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ನಾನೂ ಎನ್ನುತ್ತಿರಲಿಲ್ಲ.

ಪಿಂಕಿ ಎರಡು ಮುಷ್ಟಿ ಬರ್ಫು ತಂದು ನನ್ನ ಕೆನ್ನೆಗೆ ಇಟ್ಟಳು. ಯಾರೂ ಹೇಳಿರಲಿಲ್ಲ. "ಹಿಂಗ ಒತ್ತಿ ಹಿಡೀರಿ ಅತ್ತಿ. ಬಾವು ಬರಂಗಿಲ್ಲ. ತುಟಿ ಮ್ಯಾಲ ಜಾಸ್ತಿ ಹೊತ್ತು ಇಡಬಾರ್ದು," ಎಂದಳು. ಆರು ವರ್ಷದ ಹುಡುಗಿ ನರ್ಸಮ್ಮನ ಹಾಗೆ ಕೆಲಸ ಮಾಡಿದಳು.

ರೇಣುಕಾ ದಿಬ್ಬದ ಅರ್ಧದಲ್ಲಿ ನಿಂತಿದ್ದಳು. ಓಡಿ ಬರಲಿಲ್ಲ.

ಲಾಡ್ಜಿಗೆ ಬಂದಾಗ ಸಂಜೆ ಐದೂವರೆ, ಇನ್ನೂ ಬೆಳಕಿತ್ತು. ನಮಗೆ ಎರಡು ಖೋಲಿ, ನಡುವೆ ಹಲಗೆಯ ಗೋಡೆ. ಒಂದರಲ್ಲಿ ಆಯಿ, ಪಿಂಕಿ, ನಾನು. ನನ್ನ ಕಿವಿಯಲ್ಲಿ ಹತ್ತಿ, ತಲೆಯೊಳಗೆ ಸೀಟಿ ಊದಿದ ಹಾಗೆ ಸದ್ದು. ಆದರೂ ಬಲಗಿವಿಗೆ ಆಚೆಯದೆಲ್ಲ ಕೇಳಿಸುತ್ತಿತ್ತು.

"ನಿನ್ನ ಸಲುವಾಗಿ ಅಕ್ಕಗ ಹೊಡದೆ. ನನ್ನ ಕೈಲೆ ಅಕ್ಕಗ ಹೊಡಸಿದಿ ನೀ." ಒಂದು ಏಟು. "ಆ ಕೈ ನೋವು ನನಗ ಜೀವ ಇರೂತನ ಹೋಗಂಗಿಲ್ಲ." ಇನ್ನೊಂದು. ಮರದ ಕಪಾಟಿಗೆ ಏನೋ ಬಡಿದಂತೆ ಸದ್ದು. ಅವಳು ಕೂಗಲಿಲ್ಲ, ಉಸಿರು ಕಳೆದುಕೊಂಡಂತೆ ಹ್ಞಾ ಹ್ಞಾ ಎನ್ನುವುದಷ್ಟೇ. ಪಿಂಕಿ ರಜಾಯಿ ಎಳೆದು ತನ್ನ ತಲೆ ಮುಚ್ಚಿಕೊಂಡಳು. ನನಗೆ ಬಿದ್ದ ಏಟಿನ ಬಾಕಿ ಅವಳ ಮೇಲೆ ಬೀಳುತ್ತಿತ್ತು.

ಮೇಜಿನ ಮೇಲೆ ಸ್ಟೀಲಿನ ಥರ್ಮಾಸ್ ಇತ್ತು. ಕೈಗೆತ್ತಿಕೊಂಡೆ. ಆಯಿ ಬಾಗಿಲಿಗೆ ಅಡ್ಡ ಬಂದಳು. "ಎಲ್ಲಿ ಹೊಂಟಿ? ಗಂಡ ಹೆಂಡ್ತಿ ನಡುವಿಂದು ಅದು. ಕೂಡು." ನಾನು ಆಯಿಯನ್ನು ದೂಡಿದೆ. ಎಪ್ಪತ್ತು ವರ್ಷದ ಮುದುಕಿ ಮಂಚದ ಮೇಲೆ ಬಿದ್ದಳು. ತಿರುಗಿ ನೋಡಲಿಲ್ಲ.

ಆಚೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಒಳಗೆ ಬರುವುದಿಲ್ಲ ಎಂಬ ನಂಬಿಕೆ ಅವನಿಗೆ. ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ತಲೆಯನ್ನು ಕಪಾಟಿಗೆ ಒತ್ತಿ ಹಿಡಿದಿದ್ದ. ನಾನು ಹೊಡೆದೆ. ಹಣೆಯ ಮೇಲೆ, ಹುಬ್ಬಿನ ಹತ್ತಿರ. ಚರ್ಮ ಒಡೆಯಿತು. ಮತ್ತೆ ಹೊಡೆದೆ. ಭುಜಕ್ಕೆ, ಮತ್ತೆ ತಲೆಗೆ. ಮಂಡಿಯೂರಿ ಕುಸಿದ. ಕಣ್ಣಿಗೆ ಇಳಿದ ನೆತ್ತರನ್ನು ಒರೆಸಿಕೊಳ್ಳುತ್ತ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಬರೀ ಅಚ್ಚರಿ.

"ಅಕ್ಕಾ, ನನಗ ಹೊಡದಿ?"

"ನಾ ತಪ್ಪಿ ಹೊಡದಿಲ್ಲ. ನೀನೇ ಅಂತ ನೋಡೇ ಹೊಡದೀನಿ."

ಸುಳ್ಳು ಹೇಳಲಾರೆ, ಹೊಡೆಯುವಾಗ ಹಿತವಾಯಿತು. ಮೈಯೆಲ್ಲ ಬಿಸಿಯಾಗಿ, ಇನ್ನೂ ನಾಲ್ಕು ಹಾಕೋಣ ಎನ್ನಿಸಿತು. ಅವನಿಗೂ ಹೀಗೇ ಆಗುತ್ತಿರಬೇಕು ಎಂದು ಹೊಳೆಯಿತು, ಆದರೂ ಕೈ ಮತ್ತೆ ಎದ್ದಿತ್ತು. ರೇಣುಕಾ ಎದ್ದು ಬಂದು ನನ್ನ ಕೈಯಿಂದ ಥರ್ಮಾಸ್ ತೆಗೆದುಕೊಂಡಳು. "ಸಾಕ್ರಿ," ಎಂದಳು. ಥ್ಯಾಂಕ್ಸ್ ಎನ್ನಲಿಲ್ಲ, ಅಳಲೂ ಇಲ್ಲ. ಥರ್ಮಾಸಿನ ತಳ ಒಳಗೆ ಬಗ್ಗಿತ್ತು.

ಸಂತೋಷನ ಹಣೆಗೆ ನಾಲ್ಕು ಹೊಲಿಗೆ ಬಿದ್ದವು. ಬರ್ಫಿನ ಮೇಲೆ ಇಬ್ಬರೂ ಜಾರಿಬಿದ್ದರು ಎಂದು ಆಯಿ ಬಿರಾದಾರರಿಗೆ ಹೇಳಿದಳು. ಅವರು ಕಣ್ಣಾರೆ ನೋಡಿದ್ದರು, ಆದರೂ ಪಾಪ ಅಂದರು.

ಬೀದರಿನಲ್ಲಿ ಕಿವಿಯ ಡಾಕ್ಟರು ದೀಪ ಹಿಡಿದು ನೋಡಿ, ಪರದೆ ಹರಿದಿದೆ, ಹೇಗಾಯಿತು ಎಂದು ಕೇಳಿದರು. ಆಯಿ, "ಬರ್ಫಿನ ಮ್ಯಾಲ ಜಾರಿ ಬಿದ್ದಾಳ್ರಿ," ಎಂದಳು. ಡಾಕ್ಟರು ನನ್ನ ಮುಖ ನೋಡುತ್ತ ಪೆನ್ನು ಹಿಡಿದು ಕಾದರು. ಬಾಗಿಲ ಹತ್ತಿರ ರೇಣುಕಾ ನಿಂತಿದ್ದಳು, ಅವಳೂ ಕಾದಳು. ನಾನು ಬಾಯಿ ಬಿಡಲಿಲ್ಲ. ಮನಾಲಿಯಲ್ಲಿ ಥರ್ಮಾಸು ಎತ್ತಿದ ನನ್ನ ಶೌರ್ಯವೆಲ್ಲ ಬೀದರಿನ ದವಾಖಾನೆಯ ಸ್ಟೂಲಿನ ಮೇಲೆ ಇಳಿದುಹೋಯಿತು. ಹೊಡೆಯುವುದು ಸುಲಭ, ಹೇಳುವುದು ಸುಲಭವಲ್ಲ. ಡಾಕ್ಟರು ಜಾರಿ ಬಿದ್ದದ್ದೆಂದೇ ಬರೆದರು.

ಮಾರನೇ ಬೆಳಿಗ್ಗೆ ಎದ್ದಾಗ ರೇಣುಕಾ ಇರಲಿಲ್ಲ. ಮಗಳನ್ನು ಕರೆದುಕೊಂಡು ಮೊದಲ ಬಸ್ಸಿಗೆ ಎಕಂಬಾಕ್ಕೆ ಹೋಗಿದ್ದಳು.

ಹದಿನೈದು ದಿನ ತಡೆದೆ. ಎಡಗಡೆ ಮಲಗಿದರೆ ಕಿವಿಯಿಂದ ಕೀವು, ಬಲಗಡೆ ಮಲಗಿದರೆ ಲೋಕವೇ ಇಲ್ಲದ ಹಾಗೆ. ಸಂತೋಷ ಹಣೆಗೆ ಪಟ್ಟಿ ಕಟ್ಟಿಕೊಂಡು ಕಚೇರಿಗೆ ಹೋಗಿ ಬರುತ್ತಿದ್ದ. "ಒಂದ್ ಎರಡು ವಾರಕ್ಕ ತಾನೇ ಬರ್ತಾಳ. ಅವರಪ್ಪಗ ಏನ್ ಹೇಳ್ತಾಳ, ಸಾಕ್ಷಿ ಯಾರದ?" ಎಂದು ಒಂದು ದಿನ ಊಟ ಮಾಡುತ್ತ ಆಯಿಗೆ ಹೇಳಿದ. ನಾನು ಅಲ್ಲೇ ಕೂತಿದ್ದೆ. ನನ್ನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ತಾಟು ಸರಿಸಿ ಎದ್ದೆ.

ಸಂತಪುರ ದಾಟಿ ಔರಾದ, ಅಲ್ಲಿಂದ ಆಟೋದಲ್ಲಿ ಎಕಂಬಾ. ಅಂಗಳದಲ್ಲಿ ಬೇವಿನ ನೆರಳಿಗೆ ಕೂತು ರೇಣುಕಾ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಗಿಡ್ಡ ತೋಳಿನ ಜಂಪರ್. ಬೆಲ್ಟಿನ ಪಟ್ಟಿಗಳು ಹಳದಿಗೆ ತಿರುಗಿದ್ದವು. ಬನ್ನಿ ಎನ್ನಲಿಲ್ಲ, ಕೂಡ್ರಿ ಎನ್ನಲಿಲ್ಲ. ಅವಳಪ್ಪ ಒಂದು ತಂಬಿಗೆ ನೀರು ತಂದಿಟ್ಟು ದೂರ ನಿಂತ.

"ರೇಣುಕಾ, ನಾ ಸಾಕ್ಷಿ ಹೇಳ್ತೇನಿ," ಎಂದೆ. "ನಡಿ, ಠಾಣೆಗಿ ಹೋಗೂಣು. ಬರ್ಫಿನ ಮ್ಯಾಲ ನನಗ ಹ್ಯಾಂಗ ಹೊಡದ, ಕಿವಿ ಹ್ಯಾಂಗ ಹೋತು, ಎಲ್ಲಾ ಹೇಳ್ತೇನಿ."

ಅವಳು ಕಲ್ಲು ಕೆಳಗಿಟ್ಟಳು.

"ನಿಮಗ ಬಿದ್ದದ್ದು ಹೇಳಬ್ಯಾಡ್ರಿ ಅಕ್ಕಾ. ಅದು ತಪ್ಪಿ ಬಿದ್ದದ್ದು. ನನಗ ಬಿದ್ದದ್ದು ಹೇಳ್ರಿ. ಏಳು ವರ್ಷ ಗ್ವಾಡಿ ಆಚಿ ಕಡಿ ನೀವೇ ಇದ್ರಿ. ನಿಮಗೆಲ್ಲಾ ಕೇಳಸ್ತಿತ್ತು."

"ಕೇಳಸ್ತಿತ್ತು," ಎಂದೆ.

"ಖರೇ. ಅದಕ್ಕೇ ಕೂಲರ್ ಹಚ್ತಿದ್ರಿ."

ಇದನ್ನು ಇಷ್ಟು ಹೊತ್ತು ನಿಮಗೂ ಹೇಳಿರಲಿಲ್ಲ. ನಮ್ಮ ಪಡಸಾಲೆಯ ಕಿಟಕಿಗೆ ತಗಡಿನ ದೊಡ್ಡ ಕೂಲರ್ ಇತ್ತು. ಜೋರು ಮಾಡಿದರೆ ಹಿಟ್ಟಿನ ಗಿರಣಿ ಹೊಕ್ಕಂತೆ ಸದ್ದು. ಸಂತೋಷನ ಖೋಲಿಯ ಬಾಗಿಲು ಮುಚ್ಚಿತೆಂದರೆ ನಮ್ಮಲ್ಲಿ ಯಾರಾದರೊಬ್ಬರು ಎದ್ದು ಅದನ್ನು ಜೋರು ಮಾಡುತ್ತಿದ್ದೆವು, ಓಣಿಗೆ ಕೇಳಬಾರದೆಂದು. ಮಳೆಗಾಲದಲ್ಲೂ, ಡಿಸೆಂಬರಿನ ಚಳಿಯಲ್ಲೂ ಹಚ್ಚಿದ್ದುಂಟು. ಆ ಆದಿತ್ಯವಾರ ಮಧ್ಯಾಹ್ನ ಪ್ಯಾಂಟಿನ ಮಾತು ಎತ್ತಿ ನಕ್ಕವಳೂ ನಾನೇ, ಎದ್ದು ಹೋಗಿ ಬಟನ್ ತಿರುಗಿಸಿದವಳೂ ನಾನೇ.

"ಅದು ಹೇಳ್ತೀರೇನ್ರಿ?" ಎಂದಳು ರೇಣುಕಾ. "ಅದು ಹೇಳೂದಿದ್ರ ಬರ್ತೇನಿ. ಇಲ್ಲಾಂದ್ರ ನೀರು ಕುಡದು ಹೋಗ್ರಿ."

ಔರಾದಿನ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವಳು ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದ ಒಬ್ಬ ಮಹಿಳಾ ಪೊಲೀಸ್. ತಾಳ್ಮೆಯಿಂದ ಕೇಳಿದಳು. ಮುರಿದ ಮುಂಗೈ, ಬಚ್ಚಲಿನ ಸುಳ್ಳು, ಈಳಿಗೆ, ಬೆಲ್ಟು, ಲಾಡ್ಜಿನ ಕಪಾಟು, ನಾನು ಎತ್ತಿದ ಥರ್ಮಾಸ್, ಎಲ್ಲ ಹೇಳಿದೆ. ಎರಡು ಹಾಳೆ ತುಂಬಿತು. ಕೂಲರಿನ ಮಾತಿಗೆ ಬಂದಾಗ ಪೆನ್ನು ನಿಲ್ಲಿಸಿದಳು.

"ಇದು ಬರೀಬೇಕೇನ್ರಿ ಮೇಡಂ? ನಿಮ್ಮ ಮ್ಯಾಲೇ ಬರ್ತದ್ರಿ ನಾಳಿಗಿ."

ರೇಣುಕಾ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ, ಪೆನ್ನಿನ ತುದಿ ನೋಡುತ್ತಿದ್ದಳು.

"ಬರೀರಿ," ಎಂದೆ.

"ಯಾರು ಹಚ್ತಿದ್ರು ಅಂತ ಬರೀಲಿ?"

"ನಮ್ಮ ಆಯಿ. ಆಯಿ ಏಳದಾಗ ನಾ. ಹೆಸರು ಹಾಕಿ ಬರೀರಿ."

ಅವಳು ಬರೆದಳು. ಎದ್ದು ನನ್ನ ಬಲಗಡೆಗೆ ಬಂದು ನಿಂತು ಮೊದಲಿನಿಂದ ಕಡೆಯವರೆಗೆ ಗಟ್ಟಿಯಾಗಿ ಓದಿದಳು. ಎಲ್ಲ ಹೇಳಿಕೆಗಳ ಕೆಳಗೂ ಬರೆಯುವ ಒಂದು ಸಾಲನ್ನು ಇದರ ಕೆಳಗೂ ಬರೆದು ಕಾಗದ ನನ್ನ ಮುಂದೆ ಸರಿಸಿದಳು: ಓದಿ ಹೇಳಲಾಗಿ ಕೇಳಿದ್ದು ಸರಿ ಇರುತ್ತದೆ. ಅದರ ಕೆಳಗೆ ಸಹಿ ಮಾಡಿದೆ.